ಊರೊಟ್ಟಿನ ಫೋನು: 8 ಭಾಗಗಳ ಸರಣಿ

ಭಾಗ 1/8
📷 ಆಗುಂಬೆ ಪೇಟೆ, ಮಳೆ, ಅಂಗಡಿ ಜಗಲಿ ಮೇಲೆ ಫೋನ್ ಹಿಡ್ಕೊಂಡು ನಿಂತ ಜನ

ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳೋ ಊರು ಇದು. ತೀರ್ಥಹಳ್ಳಿ ತಾಲ್ಲೂಕು, ಘಟ್ಟದ ತುದಿ. ಶಂಕರ್ ನಾಗ್ 'ಮಾಲ್ಗುಡಿ ಡೇಸ್' ತೆಗೆದ ಊರು, ಕಾಳಿಂಗ ಸರ್ಪದ ಊರು ಅಂತ ನೀವು ಇಲ್ಲಿಗೆ ಬರ್ತೀರಿ. ಸೂರ್ಯಾಸ್ತಕ್ಕೆ ಕಾಯ್ತೀರಿ, ಮೋಡ ಸಿಗುತ್ತೆ, ಅದನ್ನೇ ಫೋಟೋ ಹೊಡೀತೀರಿ. ಸಿಗ್ನಲ್ ಸಿಕ್ಕಿದ ಕೂಡ್ಲೇ ಹಾಕ್ತೀರಿ.

ಇವತ್ತಿನ ಸರಣಿ ಆ ಫೋಟೋ ಬಗ್ಗೆ ಅಲ್ಲ, ಅದನ್ನ ತೆಗೆದ ಫೋನಿನ ಬಗ್ಗೆ. ಒಂದು ಪ್ರಶ್ನೆ ಕೇಳ್ತೀನಿ: ಅದು ಯಾರದ್ದು?

ದುಡ್ಡು ಕೊಟ್ಟವರು ನೀವು, ಬಿಲ್ ನಿಮ್ಮ ಹೆಸರಲ್ಲಿದೆ. ಆದರೆ ಒಳಗಿನ ಯಾವ ಆ್ಯಪನ್ನು ತೆಗೆಯಬಹುದು, ಯಾವುದನ್ನು ತೆಗೆಯೋ ಹಾಗಿಲ್ಲ ಅನ್ನೋದನ್ನ ತೀರ್ಮಾನಿಸಿದವರು ಬೇರೆ. ಸುರಕ್ಷತೆಯ ಅಪ್‌ಡೇಟ್ ಎಷ್ಟು ವರ್ಷ ಬರುತ್ತೆ ಅನ್ನೋದೂ ಅವರದೇ ಲೆಕ್ಕ. ಅದು ನಿಂತ ಮೇಲೆ ಒಂದೊಂದೇ ಆ್ಯಪ್ ಕೈಕೊಡುತ್ತೆ. ಪರದೆ ಸರಿ ಇದೆ, ಬ್ಯಾಟರಿ ಸರಿ ಇದೆ, ಆದರೂ ಫೋನ್ 'ಹಳೇದಾಯ್ತು'. ಬ್ಯಾಂಕಿಗೆ ಹೋಗೋಕೆ ಅರ್ಧ ದಿನ ಹಾಳು ಮಾಡ್ಬೇಕಾದ ಊರಲ್ಲಿ ಈ ಮಾತು ಸಣ್ಣದಲ್ಲ ಮಾರಾಯ್ರೆ.

ಇದಕ್ಕೆ ಉತ್ತರವಾಗಿ ಕೆಲವರು ಒಂದು ದಾರಿ ಯೋಚಿಸಿದರು. ಒಳಗಿನ ತಂತ್ರಾಂಶ ಎಲ್ಲರಿಗೂ ತೆರೆದಿರಬೇಕು, ಯಾರು ಬೇಕಾದರೂ ಓದಬೇಕು, ತಿದ್ದಬೇಕು. ಆ ಫೋನ್ ಮಾಡೋಕೆ ಬೇಕಾದ ದುಡ್ಡನ್ನೂ ಬಳಸೋ ಜನರೇ ಮೊದಲೇ ಒಟ್ಟು ಹಾಕಬೇಕು. ನಮ್ಮ ಮಾತಲ್ಲಿ ಹೇಳೋದಾದ್ರೆ ಊರೊಟ್ಟಿನ ಫೋನು.

ಅದು ಆಯ್ತಾ? ಎಲ್ಲಿ ಎಡವಿತು? ಏನು ಉಳೀತು? ಕಥೆಯ ಒಂದು ಮುಖ್ಯ ಅಧ್ಯಾಯ ಬೆಂಗಳೂರಲ್ಲೇ ನಡೆದಿದೆ. ಸ್ವೈಪ್ ಮಾಡ್ತಾ ಬನ್ನಿ 👉

ಭಾಗ 2/8
📷 ಗದ್ದೆಯಲ್ಲಿ ಸಾಲಾಗಿ ಬಗ್ಗಿ ನಾಟಿ ಹಾಕ್ತಿರೋ ಹೆಂಗಸರು

'ಕ್ರೌಡ್‌ಫಂಡಿಂಗ್' ಅನ್ನೋ ಪದ ಹೊಸದು. ಕೆಲಸ ಹಳೇದು.

ಮಲೆನಾಡಲ್ಲಿ ಮುಯ್ಯಾಳು ಅಂತ ಇದೆ, ನಿಮ್ಮ ಅಜ್ಜಿಯನ್ನ ಕೇಳಿ. ಇವತ್ತು ನಮ್ಮ ಗದ್ದೆಗೆ ನಿಮ್ಮ ಮನೆ ಆಳು, ನಾಳೆ ನಿಮ್ಮ ಗದ್ದೆಗೆ ನಮ್ಮ ಮನೆ ಆಳು. ದುಡ್ಡು ಕೈ ಬದಲಾಯಿಸೋದೇ ಇಲ್ಲ, ನಂಬಿಕೆ ಮಾತ್ರ. ಇದೇ ನಂಬಿಕೆಗೆ ಲೆಕ್ಕಪುಸ್ತಕ ಸೇರಿದಾಗ ಸಹಕಾರ ಸಂಘ ಆಯ್ತು. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಶುರುವಾದ ಸಂಘವನ್ನ ದೇಶದ ಸಹಕಾರ ಚಳವಳಿಯ ಮೊದಲ ಹೆಜ್ಜೆಗಳಲ್ಲಿ ಎಣಿಸ್ತಾರೆ. ನಮ್ಮ ಅಡಿಕೆಗೆ ಮ್ಯಾಮ್‌ಕೋಸ್ ಬಂದಿದ್ದು 1939ರಲ್ಲಿ. ಸಾಗರ ತಾಲ್ಲೂಕಿನ ಹೆಗ್ಗೋಡಲ್ಲಿ 1949ರಲ್ಲಿ ನೀನಾಸಂ ಹುಟ್ಟಿತು. ಅಷ್ಟು ಸಣ್ಣ ಊರಲ್ಲಿ ರಂಗಮಂದಿರ ನಿಲ್ಲುತ್ತೆ, ಜಗತ್ತಿನ ಸಿನಿಮಾ ಬರುತ್ತೆ ಅಂತ ಹೊರಗಿನವರು ಯಾರೂ ಅಂದ್ಕೊಂಡಿರಲಿಲ್ಲ.

ಅಮೆರಿಕದಲ್ಲೂ ಹೀಗೇ. 1885ರಲ್ಲಿ ಲಿಬರ್ಟಿ ಪ್ರತಿಮೆಯ ಪೀಠಕ್ಕೆ ದುಡ್ಡಿಲ್ಲ ಅಂದಾಗ ಜೋಸೆಫ್ ಪುಲಿಟ್ಜರ್ ತನ್ನ ಪತ್ರಿಕೆಯಲ್ಲಿ ಮನವಿ ಹಾಕಿದರು. ಒಂದು ಲಕ್ಷಕ್ಕೂ ಹೆಚ್ಚು ಜನ ಸೇರಿ ಒಂದು ಲಕ್ಷ ಡಾಲರ್ ದಾಟಿಸಿದರು. ಬಹಳಷ್ಟು ಜನ ಹಾಕಿದ್ದು ಒಂದು ಡಾಲರಿಗಿಂತ ಕಡಿಮೆ.

ಇನ್ನು 'ಓಪನ್ ಸೋರ್ಸ್'. ಇದಕ್ಕೂ ನಮ್ಮಲ್ಲೇ ಹೋಲಿಕೆ ಇದೆ: ಅಪ್ಪೆಮಿಡಿ. ಒಳ್ಳೇ ಪರಿಮಳದ ಮರದಿಂದ ಒಂದು ಕಸಿ ಕಡ್ಡಿ ಕೊಟ್ಟರೆ ಕೊಟ್ಟವರ ಮರ ಕಮ್ಮಿ ಆಗಲ್ಲ. ತಗೊಂಡವರ ಮರ ಚೆನ್ನಾಗಿ ಬಂದ್ರೆ ಅದರಿಂದ ಇನ್ನೊಬ್ಬರಿಗೆ. 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಗ್ನೂ ಯೋಜನೆ ಘೋಷಿಸಿದಾಗ, 1991ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಲಿನಕ್ಸ್ ಹೊರಗೆ ಬಿಟ್ಟಾಗ ನಡೆದಿದ್ದು ಹೆಚ್ಚುಕಮ್ಮಿ ಇದೇ. ಸ್ಟಾಲ್ಮನ್ ಗುಂಪಿನ ಪರವಾನಗಿಯಲ್ಲಿ ಒಂದು ಷರತ್ತು ಜಾಸ್ತಿ: ಕಸಿ ಮಾಡಿ ಹೊಸ ಗಿಡ ಹಂಚಿದರೆ, ಅದರ ಕಡ್ಡಿಯನ್ನೂ ತಗೊಂಡವರಿಗೆ ಕೊಡಬೇಕು.

ಆದರೆ ಒಂದು ವ್ಯತ್ಯಾಸ ನೆನಪಿಟ್ಕೊಳ್ಳಿ. ಕೋಡ್ ನಕಲು ಮಾಡೋಕೆ ಖರ್ಚಿಲ್ಲ. ಫೋನ್ ಅಂದ್ರೆ ಗಾಜು, ಚಿಪ್ಪು, ಬ್ಯಾಟರಿ, ಕಾರ್ಖಾನೆ. ಇಡೀ ಕಥೆಯ ಗಂಟು ಇಲ್ಲೇ ಇರೋದು.

ಭಾಗ 3/8
📷 ಭಾರತೀಯ ವಿಜ್ಞಾನ ಸಂಸ್ಥೆ, ಬೆಂಗಳೂರು

1998. ಕಂಪ್ಯೂಟರ್ ಅಂದ್ರೆ ಎಸಿ ರೂಮಲ್ಲಿ ಇರೋ ವಸ್ತು, ಚಪ್ಪಲಿ ಹೊರಗೆ ಬಿಡಬೇಕು. ಆಗ ಬೆಂಗಳೂರಲ್ಲಿ ಕೆಲವರು ಬೇರೆ ಥರ ಯೋಚಿಸಿದರು: ಓದು ಬರದವರೂ ಬಳಸೋ, ಕೈಯಲ್ಲಿ ಹಿಡಿಯೋ, ನಮ್ಮ ಭಾಷೆ ಮಾತಾಡೋ ಕಂಪ್ಯೂಟರ್ ಯಾಕಿರಬಾರದು?

ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್, ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ವಿನಯ್ ದೇಶಪಾಂಡೆ, ಶಶಾಂಕ್ ಗರ್ಗ್, ಮಾರ್ಕ್ ಮಥಾಯಸ್. ಏಳು ಜನ. 1999ರಲ್ಲಿ ಲಾಭಕ್ಕಲ್ಲದ ಒಂದು ಟ್ರಸ್ಟ್ ಕಟ್ಟಿದರು. ಯಂತ್ರಕ್ಕೆ ಇಟ್ಟ ಹೆಸರು ಸಿಂಪ್ಯೂಟರ್. ಸರಳ, ಅಗ್ಗದ, ಬಹುಭಾಷೆಯ ಕಂಪ್ಯೂಟರ್ ಅನ್ನೋದು ಹೆಸರಿನೊಳಗಿನ ಅರ್ಥ.

2001ರ ಏಪ್ರಿಲ್‌ನಲ್ಲಿ ಮೊದಲ ಮಾದರಿ ತೋರಿಸಿದರು. ಅಂಗೈಯಲ್ಲಿ ಹಿಡಿಸೋ ಗಾತ್ರ, ಕಡ್ಡಿಯಿಂದ ಮುಟ್ಟೋ ಪರದೆ, ಒಳಗೆ ಲಿನಕ್ಸ್. ಪರದೆ ಮೇಲಿನ ಪಠ್ಯವನ್ನ ಭಾರತೀಯ ಭಾಷೆಯಲ್ಲಿ ಓದಿ ಹೇಳೋ ವ್ಯವಸ್ಥೆ. ಐಫೋನ್ ಬರೋಕೆ ಇನ್ನೂ ಆರು ವರ್ಷ ಇತ್ತು ಅನ್ನೋದು ನೆನಪಿರಲಿ. ಇದು ಫೋನ್ ಅಲ್ಲ, ಆದರೆ ನಿಮ್ಮ ಕೈಲಿರೋ ಫೋನಿಗೆ ವರಸೆಯಲ್ಲಿ ದೊಡ್ಡಪ್ಪ.

ಇನ್ನೂ ದೊಡ್ಡ ವಿಷಯ ಅಂದ್ರೆ ಅವರು ಯಂತ್ರದ ನಕ್ಷೆಯನ್ನೂ ತೆರೆದಿಟ್ಟರು. ತಂತ್ರಾಂಶಕ್ಕೆ ಇದ್ದ ಮುಕ್ತ ಪರವಾನಗಿಯ ಮಾದರಿಯಲ್ಲೇ ಯಂತ್ರಾಂಶಕ್ಕೂ ಒಂದು ಪರವಾನಗಿ ಬರೆದರು. ಓದೋಕೆ, ಕಲಿಯೋಕೆ ಎಲ್ಲರಿಗೂ ಮುಕ್ತ. ತಯಾರಿಸಿ ಮಾರೋ ಕಂಪನಿ ಮಾತ್ರ ಟ್ರಸ್ಟಿಗೆ ಶುಲ್ಕ ಕಟ್ಟಬೇಕು. ಇವತ್ತು 'ಓಪನ್ ಹಾರ್ಡ್‌ವೇರ್' ಅಂತ ಜಗತ್ತು ಮಾತಾಡುತ್ತಲ್ಲ, ಆ ಮಾತಿಗೆ ಬೆಂಗಳೂರಲ್ಲಿ ಇಪ್ಪತ್ತು ವರ್ಷಕ್ಕೂ ಹಿಂದೆ ಕಾಗದಪತ್ರ ತಯಾರಾಗಿತ್ತು.

2001ರ ಕೊನೆಗೆ ಬ್ರೂಸ್ ಸ್ಟರ್ಲಿಂಗ್ ಅನ್ನೋ ಲೇಖಕ ನ್ಯೂಯಾರ್ಕ್ ಟೈಮ್ಸ್ ಮ್ಯಾಗಜಿನ್‌ನಲ್ಲಿ ಆ ವರ್ಷದ ಮುಖ್ಯ ಆವಿಷ್ಕಾರಗಳ ಸಾಲಲ್ಲಿ ಇದನ್ನ ಕೂರಿಸಿದರು. ಊರೆಲ್ಲ ಹೊಗಳಿತು. ಆಮೇಲೆ?

ಭಾಗ 4/8
📷 ಹಳೇ ಎಸ್‌ಟಿಡಿ ಬೂತ್, ಬಣ್ಣ ಹೋದ ಬೋರ್ಡು

ಸಿಂಪ್ಯೂಟರಿನ ಅತಿ ಚಂದದ ಯೋಚನೆ ಅದರ ಸ್ಮಾರ್ಟ್ ಕಾರ್ಡ್. ಹಳ್ಳಿಗೆ ಒಂದೇ ಯಂತ್ರ ಸಾಕು, ಅದು ಪಂಚಾಯ್ತಿಯಲ್ಲೋ, ಶಾಲೆಯಲ್ಲೋ, ಅಂಗಡಿಯಲ್ಲೋ ಇರಲಿ. ಪ್ರತಿಯೊಬ್ಬರ ಹತ್ರ ಒಂದು ಕಾರ್ಡು. ಹಾಕಿದಾಗ ಯಂತ್ರ ನಿಮ್ಮದು, ತೆಗೆದಾಗ ಇನ್ನೊಬ್ಬರದು. ಹತ್ತು ಸಾವಿರ ರೂಪಾಯಿಯ ವಸ್ತುವನ್ನ ಒಬ್ಬೊಬ್ಬರೇ ಕೊಳ್ಳೋಕಾಗಲ್ಲ, ಹಂಚ್ಕೊಂಡರೆ ಆಗುತ್ತೆ ಅನ್ನೋ ಲೆಕ್ಕ. ಕೇಳಿದ್ರೆ ಊರೊಟ್ಟಿನ ವಾಸನೆ ಬರಲ್ವಾ?

ಕರ್ನಾಟಕದ ಭೂದಾಖಲೆ ಕೆಲಸದಲ್ಲಿ ಅದರ ಪ್ರಯೋಗ ನಡೀತು. 2004ರ ಏಪ್ರಿಲ್‌ನಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಪಿಕೋಪೆಟಾ ಸೇರಿ 'ಅಮಿಡಾ ಸಿಂಪ್ಯೂಟರ್' ಮಾರುಕಟ್ಟೆಗೆ ತಂದವು. ಕೈಯಲ್ಲಿ ಓರೆ ಮಾಡಿದ್ರೆ ಗೊತ್ತಾಗೋ ಚಲನೆಯ ಸಂವೇದಕ ಕೂಡ ಅದರಲ್ಲಿತ್ತು. ಬೆಲೆ ಸುಮಾರು 10 ಸಾವಿರದಿಂದ ಶುರು. ಮಾರಾಟ ಆಗಿದ್ದು ಕೆಲವೇ ಸಾವಿರ.

ಯಾಕೆ? ಮೂರು ಕಾರಣ ಹೇಳ್ತೀನಿ.

ಒಂದು, ಅದು ಮೊದಲಿಗೆ ಫೋನ್ ಆಗಿರಲಿಲ್ಲ. 2003ರ ಮಳೆಗಾಲದಲ್ಲಿ ರಿಲಯನ್ಸ್ 'ಮಾನ್ಸೂನ್ ಹಂಗಾಮ' ಅಂತ 501 ರೂಪಾಯಿ ಕಟ್ಟಿದ್ರೆ ಮೊಬೈಲ್ ಕೊಟ್ಟಿತು. ಮಂಗಳೂರಲ್ಲಿ ಓದೋ ಮಗನ ಹತ್ರ ಮಾತಾಡೋ ಆಸೆ ಪಹಣಿ ನೋಡೋ ಆಸೆಗಿಂತ ದೊಡ್ಡದು, ಅದರಲ್ಲಿ ತಪ್ಪೇನಿದೆ?

ಎರಡು, ಕಡಿಮೆ ಸಂಖ್ಯೆ. ಲಕ್ಷಗಟ್ಟಲೆ ಮಾಡಿದರೆ ಬೆಲೆ ಇಳಿಯುತ್ತೆ, ಬೆಲೆ ಇಳಿಯದೆ ಲಕ್ಷ ಜನ ಕೊಳ್ಳಲ್ಲ. ದೊಡ್ಡ ಸರ್ಕಾರಿ ಖರೀದಿ ಬಂದಿದ್ರೆ ಈ ಗಂಟು ಬಿಚ್ಚುತ್ತಿತ್ತು. ಬರಲಿಲ್ಲ.

ಮೂರು, ನನಗೆ ಮುಖ್ಯ ಅನ್ಸೋದು: ಅದಕ್ಕಾಗಿ ಮೊದಲೇ ದುಡ್ಡು ಹಾಕಿ ಕಾಯ್ತಾ ಇದ್ದ ಜನ ಇರಲಿಲ್ಲ. ಹಳ್ಳಿಗಾಗಿ ಮಾಡಿದ ಯಂತ್ರ ಅದು, ಹಳ್ಳಿ ಕೇಳಿ ಮಾಡಿಸ್ಕೊಂಡಿದ್ದಲ್ಲ.

ಆದರೆ ಪೂರ್ತಿ ಹೋಗಲಿಲ್ಲ. ರಮೇಶ್ ಹರಿಹರನ್ ಸಿಂಪ್ಯೂಟರಿಗಾಗಿ ಬರೆದ 'ಧ್ವನಿ' ಅನ್ನೋ ಪಠ್ಯ ಓದುವ ತಂತ್ರಾಂಶ ಮುಕ್ತ ಪರವಾನಗಿಯಲ್ಲಿತ್ತು. ಯಂತ್ರ ಅಂಗಡಿಯಿಂದ ಮಾಯವಾದ ಮೇಲೂ ಕೇರಳದ ಸಂತೋಷ್ ತೋಟ್ಟಿಂಗಲ್ ಅದನ್ನ ಕೈಗೆತ್ತಿಕೊಂಡು ಇನ್ನಷ್ಟು ಭಾಷೆಗೆ ಬೆಳೆಸಿದರು. ಮರ ಬಿತ್ತು, ಕಸಿ ಕಡ್ಡಿ ಬೇರೆ ಹಿತ್ತಲಲ್ಲಿ ಚಿಗುರಿತು.

ಭಾಗ 5/8
📷 ಟಾಕೀಸಿನ ಟಿಕೆಟ್ ಕಿಟಕಿ

ಹತ್ತು ವರ್ಷ ಮುಂದೆ ಬನ್ನಿ. 2013ರ ಜುಲೈ, ಲಂಡನ್. ಒಂದೇ ತಿಂಗಳಲ್ಲಿ, ಒಂದೇ ಊರಲ್ಲಿ, ಜನರ ದುಡ್ಡಿನ ಎರಡು ಕಥೆ.

ಮೊದಲನೇದು ನಮ್ಮದು. ಪವನ್ ಕುಮಾರ್ ಅವರಿಗೆ 'ಲೂಸಿಯಾ' ಚಿತ್ರಕ್ಕೆ ನಿರ್ಮಾಪಕರು ಸಿಗಲಿಲ್ಲ. ಅವರು ಇಂಟರ್ನೆಟ್‌ನಲ್ಲಿ ನೇರವಾಗಿ ಜನರನ್ನೇ ಕೇಳಿದರು. 110 ಜನ ಸೇರಿ ಸುಮಾರು 50 ಲಕ್ಷ ಹಾಕಿದರು. ಆ ಚಿತ್ರ ಲಂಡನ್ ಭಾರತೀಯ ಚಿತ್ರೋತ್ಸವದಲ್ಲಿ ಮೊದಲ ಸಲ ತೆರೆಕಂಡು ಪ್ರೇಕ್ಷಕರ ಪ್ರಶಸ್ತಿ ತಗೊಂಡಿದ್ದು ಇದೇ ಜುಲೈನಲ್ಲಿ. ಸೆಪ್ಟೆಂಬರ್‌ನಲ್ಲಿ ಕರ್ನಾಟಕದಲ್ಲಿ ಬಿಡುಗಡೆ ಆಯ್ತು.

ಎರಡನೇದು ಫೋನಿನದು. ಉಬುಂಟು ಲಿನಕ್ಸ್ ಹಿಂದಿರೋ ಕೆನಾನಿಕಲ್ ಕಂಪನಿ ಲಂಡನ್ನಿನದೇ. ಜುಲೈ 22ರಂದು 'ಉಬುಂಟು ಎಡ್ಜ್' ಅನ್ನೋ ಫೋನಿಗಾಗಿ ಇಂಡಿಗೋಗೋ ತಾಣದಲ್ಲಿ ಜೋಳಿಗೆ ಹಿಡೀತು. ಜೇಬಲ್ಲಿದ್ದಾಗ ಫೋನು, ಮಾನಿಟರಿಗೆ ಸಿಕ್ಕಿಸಿದ್ರೆ ಪೂರ್ತಿ ಕಂಪ್ಯೂಟರು. 128 ಜಿಬಿ ಜಾಗ, 4 ಜಿಬಿ ರ್‍ಯಾಮ್, ಆ ಕಾಲಕ್ಕೆ ಕನಸು. ಕೇಳಿದ್ದು ಒಂದು ತಿಂಗಳಲ್ಲಿ 3.2 ಕೋಟಿ ಡಾಲರ್. ಆಗಿನ ಲೆಕ್ಕದಲ್ಲಿ ಸುಮಾರು 190 ಕೋಟಿ ರೂಪಾಯಿ!

ಬಂದ ಭರವಸೆ 1.28 ಕೋಟಿ ಡಾಲರ್. ಅಲ್ಲಿವರೆಗೆ ಯಾವ ವಸ್ತುವಿಗೂ ಜನ ಈ ಥರ ಅಷ್ಟು ದುಡ್ಡು ಕೊಡ್ತೀವಿ ಅಂದಿರಲಿಲ್ಲ. ದಾಖಲೆ. ಆದರೂ ಸೋಲು. ನಿಯಮ ಏನಿತ್ತು ಅಂದ್ರೆ, ಗುರಿ ಪೂರ್ತಿ ಮುಟ್ಟಿದರೆ ಮಾತ್ರ ದುಡ್ಡು. ಮುಟ್ಟಲಿಲ್ಲ, ಎಲ್ಲರ ದುಡ್ಡೂ ವಾಪಸ್, ಫೋನ್ ಹುಟ್ಟಲೇ ಇಲ್ಲ.

110 ಜನರ 50 ಲಕ್ಷ ಗೆದ್ದಿತು, ಸಾವಿರಾರು ಜನರ ಎಪ್ಪತ್ತು ಚಿಲ್ಲರೆ ಕೋಟಿ ಸಾಲಲಿಲ್ಲ. ಕಾರಣ ಸುಲಭ. ಸಿನಿಮಾವನ್ನ ಸಣ್ಣ ದುಡ್ಡಲ್ಲಿ, ಇದ್ದ ಕ್ಯಾಮೆರಾದಲ್ಲಿ ಮಾಡಬಹುದು. ಒಮ್ಮೆ ಮಾಡಿದರೆ ಎಷ್ಟು ಸಲ ಬೇಕಾದರೂ ತೋರಿಸಬಹುದು. ಫೋನಿಗೆ ಅಚ್ಚು ಮಾಡಿಸಬೇಕು, ಚಿಪ್ಪು ಸಗಟಾಗಿ ಕೊಳ್ಳಬೇಕು, ರೇಡಿಯೋ ಪರೀಕ್ಷೆ ಪಾಸಾಗಬೇಕು. ಇದೆಲ್ಲ ಒಂದು ಫೋನಿಗೂ ಅಷ್ಟೇ, ನಲವತ್ತು ಸಾವಿರಕ್ಕೂ ಅಷ್ಟೇ. ಭಾಗ 2ರಲ್ಲಿ ಹೇಳಿದ ಗಂಟು ಇದೇ.

ಭಾಗ 6/8
📷 ಮಳೆಯಲ್ಲಿ ಬಸ್ಸಿಗೆ ಕಾಯ್ತಿರೋರು, ತೀರ್ಥಹಳ್ಳಿ

ಹಾಗಾದ್ರೆ ಯಾರೂ ಗೆಲ್ಲಲಿಲ್ವಾ? ಗೆದ್ದರು. ಆದರೆ ಗೆಲುವು ಹೇಗಿತ್ತು ಅಂತ ನೋಡಿ.

2017ರ ಆಗಸ್ಟ್. ಅಮೆರಿಕದ ಪ್ಯೂರಿಸಂ ಕಂಪನಿ 'ಲಿಬ್ರೆಮ್ 5' ಫೋನಿಗೆ 15 ಲಕ್ಷ ಡಾಲರ್ ಕೇಳಿತು. ಆಂಡ್ರಾಯ್ಡೂ ಅಲ್ಲ, ಐಓಎಸ್ಸೂ ಅಲ್ಲ, ನೇರ ಲಿನಕ್ಸ್. ಪಕ್ಕದಲ್ಲಿ ಮೂರು ಸ್ವಿಚ್ಚು: ಒಂದು ಒತ್ತಿದ್ರೆ ಕ್ಯಾಮೆರಾ ಮೈಕು ಸತ್ತೇ ಹೋಗುತ್ತೆ, ಇನ್ನೊಂದಕ್ಕೆ ವೈಫೈ ಬ್ಲೂಟೂತ್, ಮತ್ತೊಂದಕ್ಕೆ ಮೊಬೈಲ್ ಸಿಗ್ನಲ್. ಮನೆ ದೀಪದ ಸ್ವಿಚ್ ಥರ, ನಿಜವಾದ ಸ್ವಿಚ್ಚು. ಜನ ಒಪ್ಪಿದರು, ದುಡ್ಡು 20 ಲಕ್ಷ ಡಾಲರ್ ದಾಟಿತು.

ಕೊಡ್ತೀವಿ ಅಂದಿದ್ದು 2019ರ ಜನವರಿಗೆ. ಮೊದಲ ಸಣ್ಣ ಕಂತು ಹೊರಬಿದ್ದಿದ್ದು ಆ ವರ್ಷದ ಕೊನೆಗೆ. ಪೂರ್ಣ ತಯಾರಿಯ ಫೋನ್‌ಗಳು ಹೊರಡೋಕೆ ಶುರುವಾಗಿದ್ದು 2020ರ ಕೊನೆಗೆ. ಕೆಲವರು ಅದರ ಮೇಲೂ ವರ್ಷಗಟ್ಟಲೆ ಕಾದರು. ಬಂದ ಫೋನು ದಪ್ಪ, ಬ್ಯಾಟರಿ ಬೇಗ ಖಾಲಿ, ಕಟ್ಟಿದ ಬೆಲೆಗೆ ಹೋಲಿಸಿದರೆ ನಿಧಾನ.

ನೀವು ಚಂದಾ ಹಾಕೋ ಮುಂಚೆ ಇದು ಗೊತ್ತಿರಬೇಕು. ಮ್ಯಾಮ್‌ಕೋಸ್‌ನಲ್ಲಿ ಷೇರು ತಗೊಂಡ್ರೆ ನೀವು ಸದಸ್ಯರು, ಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳಬಹುದು, ಮತ ಹಾಕಬಹುದು. ಕ್ರೌಡ್‌ಫಂಡಿಂಗ್‌ನಲ್ಲಿ ಸಾಮಾನ್ಯವಾಗಿ ನೀವು ಸದಸ್ಯರೂ ಅಲ್ಲ, ಪೂರ್ತಿ ಗ್ರಾಹಕರೂ ಅಲ್ಲ. ಮುಂಗಡ ಕೊಟ್ಟು ಕಾಯೋರು. ಹೆಸರು ಊರೊಟ್ಟಿನದು, ಹಕ್ಕು ಊರೊಟ್ಟಿನದಲ್ಲ.

ಆದರೂ ಒಂದು ಫಲ ಇದೆ. ಆ ದುಡ್ಡಲ್ಲಿ ಬರೆದ ಕೋಡ್ ಮುಕ್ತ. ಪ್ಯೂರಿಸಂನವರು ಲಿನಕ್ಸ್‌ಗಾಗಿ ಬರೆದ ಫೋನ್ ಪರದೆಯ ತಂತ್ರಾಂಶವನ್ನ ಪೈನ್‌ಫೋನ್ ಅನ್ನೋ ಅಗ್ಗದ ಬೇರೆ ಫೋನಲ್ಲೂ ಜನ ಓಡಿಸಿದರು.

ಉಬುಂಟು ಕಥೆಯೂ ಹಾಗೇ. 2015ರಲ್ಲಿ ಯುರೋಪಲ್ಲಿ ಒಂದೆರಡು ಸಾಧಾರಣ ಫೋನ್ ಬಂದವು. 2017ರ ಏಪ್ರಿಲ್‌ನಲ್ಲಿ ಕೆನಾನಿಕಲ್ ಕೈಬಿಟ್ಟಿತು. ಯುಬಿಪೋರ್ಟ್ಸ್ ಅನ್ನೋ ಸ್ವಯಂಸೇವಕರ ಗುಂಪು ಅದನ್ನ ಎತ್ಕೊಂಡು ಮುಂದೆ ನಡೆಸಿತು. ಕಂಪನಿ ಬಿಟ್ಟರೂ ಮುಂದುವರಿಸೋ ಹಕ್ಕು ಪರವಾನಗಿಯಲ್ಲೇ ಇತ್ತು, ಯಾರ ಅಪ್ಪಣೆಯೂ ಬೇಕಾಗಲಿಲ್ಲ.

ಭಾಗ 7/8
📷 ಅಡಿಕೆ ಸುಲಿಯೋ ಜಾಗ, ಪಕ್ಕದಲ್ಲಿ ಬಟನ್ ಫೋನು

ಈಗ ಒಂದು ತಮಾಷೆ ಕೇಳಿ. ಮುಕ್ತ ತಂತ್ರಾಂಶದ ಫೋನ್ ನಮ್ಮೂರಿಗೆ ಬಂದೇ ಇಲ್ಲ ಅಂದ್ಕೊಂಡ್ರಾ? ಬಂದಿದೆ. ನಿಮ್ಮ ಮನೆಯಲ್ಲೇ ಇದ್ದಿರಬಹುದು.

ಫೈರ್‌ಫಾಕ್ಸ್ ಬ್ರೌಸರ್ ಮಾಡೋ ಮೊಜಿಲ್ಲಾ, ಅಗ್ಗದ ಫೋನಿಗಾಗಿ ಫೈರ್‌ಫಾಕ್ಸ್ ಓಎಸ್ ಬರೆಯಿತು. 2014ರ ಆಗಸ್ಟ್‌ನಲ್ಲಿ ಇಂಟೆಕ್ಸ್ ಕಂಪನಿ ಅದನ್ನ ಹಾಕಿ 1,999 ರೂಪಾಯಿಗೆ 'ಕ್ಲೌಡ್ ಎಫ್ಎಕ್ಸ್' ಮಾರಿತು. ಓಡಲಿಲ್ಲ. ಜನಕ್ಕೆ ಬೇಕಾದ ಆ್ಯಪ್‌ಗಳು ಅದಕ್ಕೆ ಸಿಗಲಿಲ್ಲ, ಫೋನೂ ನಿಧಾನ. 2015ರ ಡಿಸೆಂಬರ್‌ನಲ್ಲಿ ಮೊಜಿಲ್ಲಾ ಫೋನ್ ಕೆಲಸ ನಿಲ್ಲಿಸ್ತೀವಿ ಅಂತ ಹೇಳಿತು.

ಕೋಡ್ ಮಾತ್ರ ಬಯಲಲ್ಲೇ ಇತ್ತು. ಅದರಿಂದ ಕೈಓಎಸ್ ಹುಟ್ಟಿತು. 2017ರಲ್ಲಿ ಕೈಓಎಸ್ ಹಾಕಿದ ಜಿಯೋಫೋನ್ ಬಂತು, 1,500 ರೂಪಾಯಿ ಠೇವಣಿ. ಅಡಿಕೆ ಸುಲೀತಾ ಯಕ್ಷಗಾನ ಕೇಳಿಸ್ಕೊಳ್ತಿದ್ದ ಆ ಬಟನ್ ಫೋನ್ ಇದೆಯಲ್ಲ, ಅದರ ಅಜ್ಜ ಒಂದು ಮುಕ್ತ ತಂತ್ರಾಂಶ!

ಆದರೆ ಆ ಫೋನಿಗೆ ಬೇರೆ ಕಂಪನಿಯ ಸಿಮ್ ಹಾಕೋ ಹಾಗಿರಲಿಲ್ಲ. ಬೇರು ಮುಕ್ತವಾಗಿದ್ದರೂ ಹಣ್ಣಿಗೆ ಬೀಗ. ಆಂಡ್ರಾಯ್ಡ್ ಕಥೆಯೂ ಇಷ್ಟೇ: ತಳದ ಕೋಡ್ ತೆರೆದಿದೆ, ಮೇಲೆ ಹೇರಿದ್ದು ಬಹಳಷ್ಟು ಮುಚ್ಚಿದೆ.

ಬೀಗ ಯಾರ ಕೈಲಿದೆ ಅನ್ನೋದು ಕನ್ನಡಕ್ಕೆ ಯಾಕೆ ಮುಖ್ಯ ಅಂದ್ರೆ, ಯೂನಿಕೋಡ್‌ನಲ್ಲಿ ಕನ್ನಡ ಇದ್ದಿದ್ದು 1991ರಿಂದ. ಆಂಡ್ರಾಯ್ಡ್ ತಾನಾಗೇ ಕನ್ನಡ ಅಕ್ಷರ ತೋರಿಸಿದ್ದು 2012ರ 4.1 ಆವೃತ್ತಿ ಬಂದ ಮೇಲೆ. ಅಲ್ಲಿವರೆಗೆ ಎಷ್ಟೋ ಫೋನಲ್ಲಿ ಕನ್ನಡ ಅಂದ್ರೆ ಬರೀ ಚೌಕದ ಡಬ್ಬಿ ▯▯▯. ನಿಮಗೆ ನೆನಪಿದೆಯಾ?

ನಮ್ಮ ತೀರ್ಥಹಳ್ಳಿ ಕಡೆಯ ಕುಪ್ಪಳಿ ಮನೆತನದ ಪೂರ್ಣಚಂದ್ರ ತೇಜಸ್ವಿಯವರು ಸ್ಮಾರ್ಟ್‌ಫೋನ್ ಬರೋ ಮೊದಲೇ ಕಂಪ್ಯೂಟರಿನ ಕನ್ನಡಕ್ಕಾಗಿ ಹಟ ಹಿಡಿದಿದ್ದು ಇದಕ್ಕೇ. ಹಂಪಿ ಕನ್ನಡ ವಿಶ್ವವಿದ್ಯಾಲಯದಿಂದ 'ಕುವೆಂಪು ಕನ್ನಡ ತಂತ್ರಾಂಶ' ಬಂದಿದ್ದರ ಹಿಂದೆ ಅವರ ಒತ್ತಾಸೆ ಇತ್ತು.

ಭಾಗ 8/8
📷 ಅಪ್ಪೆಮಿಡಿ ಕಸಿ ಗಿಡ, ಎರಡೇ ಎರಡು ಹೊಸ ಎಲೆ

ಇಷ್ಟೆಲ್ಲ ಓದಿ ನೀವು ಕೇಳಬಹುದು: ಸರಿ, ಈಗ ಕನ್ನಡಿಗರೆಲ್ಲ ಸೇರಿ ಚಂದಾ ಎತ್ತಿ ನಮ್ಮದೇ ಫೋನ್ ಮಾಡೋಣ್ವಾ?

ಲೆಕ್ಕ ಹಾಕಿ. ಉಬುಂಟು ಎಡ್ಜ್‌ಗೆ ಬೇಕಾಗಿದ್ದು ಸುಮಾರು 190 ಕೋಟಿ, ಅದೂ 2013ರ ಬೆಲೆಗೆ. ಒಬ್ಬೊಬ್ಬರು ಸಾವಿರ ರೂಪಾಯಿ ಹಾಕಿದ್ರೆ 19 ಲಕ್ಷ ಜನ ಬೇಕು. ಸಾವಿರ ಕೊಟ್ಟವರಿಗೆ ಫೋನೂ ಸಿಗಲ್ಲ, ಫೋನಿನ ಬೆಲೆ ಬೇರೆ. ಲಿಬ್ರೆಮ್ ಥರ ಕಡಿಮೆ ದುಡ್ಡಲ್ಲಿ ಹೊರಟ್ರೆ ದಪ್ಪ ಫೋನು, ವರ್ಷಗಟ್ಟಲೆ ಕಾಯೋದು. ನನ್ನ ಅಭಿಪ್ರಾಯ ಕೇಳಿದ್ರೆ, ಬೇಡ.

ಇಪ್ಪತ್ತೈದು ವರ್ಷದ ಈ ಇತಿಹಾಸದಲ್ಲಿ ಯಾವುದು ಸತ್ತಿತು, ಯಾವುದು ಬದುಕಿತು ಅಂತ ಪಟ್ಟಿ ಮಾಡಿ. ಸಿಂಪ್ಯೂಟರ್ ಹೋಯ್ತು, 'ಧ್ವನಿ' ಮುಂದುವರೀತು. ಎಡ್ಜ್ ಹುಟ್ಟಲಿಲ್ಲ, ಉಬುಂಟು ಟಚ್ ಸ್ವಯಂಸೇವಕರ ಕೈಯಲ್ಲಿ ಉಳೀತು. ಫೈರ್‌ಫಾಕ್ಸ್ ಫೋನ್ ಸೋತಿತು, ಅದರ ಕೋಡ್ ಕೋಟಿಗಟ್ಟಲೆ ಜನರ ಕೈಗೆ ಬೇರೆ ಹೆಸರಲ್ಲಿ ಹೋಯ್ತು. ಊರೊಟ್ಟಿನ ದುಡ್ಡು ಸಣ್ಣದಿದ್ದಾಗ ಅದನ್ನ ಕಾರ್ಖಾನೆಗೆ ಹಾಕಬೇಡಿ, ಕಡ್ಡಿಗೆ ಹಾಕಿ.

ಕಡ್ಡಿ ಅಂದ್ರೆ ಏನು? ಒಂದು ಒಳ್ಳೇ ಮುಕ್ತ ಕನ್ನಡ ಫಾಂಟು. ಕಣ್ಣು ಕಾಣದವರಿಗೆ ಕನ್ನಡ ಓದಿ ಹೇಳೋ ದನಿ. ನಮ್ಮ ಕಡೆಯ ಮಾತು ಅರ್ಥ ಮಾಡ್ಕೊಳ್ಳೋ ಕೀಬೋರ್ಡು. ಇವಕ್ಕೆಲ್ಲ 190 ಕೋಟಿ ಬೇಡ. 'ಲೂಸಿಯಾ'ಗೆ ಸೇರಿದಷ್ಟು ದುಡ್ಡಲ್ಲಿ ಎಷ್ಟೋ ಕೆಲಸ ಆಗುತ್ತೆ. ದುಡ್ಡು ಕೊಡೋಕಾಗಲ್ವಾ? ಮುಯ್ಯಾಳಾಗಿ ಹೋಗಿ. ಮುಕ್ತ ತಂತ್ರಾಂಶಗಳ ಕನ್ನಡ ಅನುವಾದಕ್ಕೆ ಯಾವಾಗಲೂ ಆಳು ಕಮ್ಮಿ. ದಿನಾ ಹತ್ತು ವಾಕ್ಯ ಅನುವಾದಿಸಿದ್ರೂ ಒಂದು ಮಳೆಗಾಲದಲ್ಲಿ ಸಾವಿರ ದಾಟುತ್ತೆ.

ಕಪಾಟಲ್ಲಿ ಬಿದ್ದಿರೋ ಹಳೇ ಫೋನಿಗೂ ದಾರಿ ಇದೆ. 2016ರ ಕೊನೆಗೆ ಶುರುವಾದ ಲೀನಿಯೇಜ್ ಓಎಸ್ ಅನ್ನೋ ಮುಕ್ತ ಆಂಡ್ರಾಯ್ಡ್, ಕಂಪನಿ ಕೈಬಿಟ್ಟ ಎಷ್ಟೋ ಮಾಡೆಲ್ಲಿಗೆ ಹೊಸ ಆವೃತ್ತಿ ಕೊಡುತ್ತೆ. ಎಲ್ಲ ಫೋನಿಗೂ ಆಗಲ್ಲ, ಕೆಲವು ಬ್ಯಾಂಕ್ ಆ್ಯಪ್ ಒಪ್ಪಲ್ಲ, ಹಾಕೋವಾಗ ಒಳಗಿನ ಫೋಟೋ ಎಲ್ಲ ಅಳಿಸಿ ಹೋಗುತ್ತೆ. ಹಾಗಾಗಿ ಮೊದಲು ನಿಮ್ಮ ಮಾಡೆಲ್ ಅವರ ಪಟ್ಟಿಯಲ್ಲಿದೆಯಾ ನೋಡಿ, ಫೋಟೋ ಬೇರೆ ಕಡೆ ಇಟ್ಕೊಳ್ಳಿ, ಆಮೇಲೆ ಕೈ ಹಾಕಿ.

ಇನ್ನು ಯಾರಾದರೂ ಹೊಸ ಫೋನಿಗೆ ಮುಂಗಡ ಕೇಳ್ಕೊಂಡು ಬಂದ್ರೆ ಮೂರು ಪ್ರಶ್ನೆ ಕೇಳಿ. ಗುರಿ ಮುಟ್ಟದಿದ್ರೆ ದುಡ್ಡು ವಾಪಸ್ಸಾ? ನೀವು ಅಂಗಡಿ ಮುಚ್ಚಿದ್ರೆ ಕೋಡ್ ನಮಗೆ ಸಿಗುತ್ತಾ? ಕನ್ನಡ ಮೊದಲ ದಿನದಿಂದ ಇರುತ್ತಾ, ಆಮೇಲೆ ನೋಡೋಣ ಅಂತೀರಾ?

ಮೂರಕ್ಕೂ ನೇರ ಉತ್ತರ ಬಂದ್ರೆ ನನಗೂ ಒಂದು ಮಾತು ಹೇಳಿ, ನಾನೂ ಸೇರ್ತೀನಿ. ನಿಮ್ಮ ಮನೆಯಲ್ಲಿ ಸಿಂಪ್ಯೂಟರ್ ನೋಡಿದವರು ಯಾರಾದ್ರೂ ಇದ್ದರೆ ಕೆಳಗೆ ಬರೀರಿ. ಮಳೆ ಬಿಡೋ ತನಕ ಓದೋಕೆ ಪುರಸೊತ್ತಿದೆ 🌧️

#ಆಗುಂಬೆ #ತೀರ್ಥಹಳ್ಳಿ #ಮಲೆನಾಡು #ಸಿಂಪ್ಯೂಟರ್ #ಮುಕ್ತತಂತ್ರಾಂಶ #ಕನ್ನಡ #ಊರೊಟ್ಟು